ವಾರಗಿತ್ತಿ ಬರೆದ ಪಟ್ಟಿ

ನಾಲ್ಕನೆಯ ಅಂಗಿಗೆ ಕಾಜಾ ಹೊಲಿಯುತ್ತಿದ್ದೆ. ಗುಂಡಿ ತೂರಿಸುವ ಆ ಸೀಳಿನ ಅಂಚಿಗೆ ದಾರವನ್ನು ಒತ್ತೊತ್ತಾಗಿ ಸುತ್ತಬೇಕು. ಒಂದು ಎಳೆ ಸಡಿಲವಾದರೂ ನಾಲ್ಕು ಒಗೆತಕ್ಕೆ ಬಾಯಿ ಬಿಡುತ್ತದೆ. ಅಷ್ಟರಲ್ಲಿ ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಸುದ್ದಿ ಬಿಟ್ಟಳು.

"ಅಕ್ಕಾ, ಮೊಳೆರಾಯ ನನ್ನ ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟ! ಒಂದು ಬಿಡಿಗಾಸೂ ಹಿಡೀಲಿಲ್ಲ."

"ಒಳ್ಳೇದಾಯ್ತು ಬಿಡು," ಎಂದೆ. ಕಾಜಾದ ದಾರವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದೆ.

ಮೊಳೆರಾಯ ನಮ್ಮ ಹಳೆಯ ಮನೆಯ ಮಾಲೀಕ. ಬಾಡಿಗೆ ವಸೂಲಿಗೆ ಬಂದಾಗಲೆಲ್ಲ ಗೋಡೆಗೆ ಹೊಡೆದ ಮೊಳೆ ಎಣಿಸುತ್ತಿದ್ದನಾದ್ದರಿಂದ ನಾವಿಟ್ಟ ಹೆಸರು. ಕೆಳಗಿನ ಮನೆಯಲ್ಲಿ ಅವಳು, ಮೇಲಿನದರಲ್ಲಿ ನಾನು, ಹನ್ನೊಂದು ವರ್ಷ ಇದ್ದು, ಬಾಡಿಗೆ ಏರಿಸಿದನೆಂದು ಒಂದೇ ವಾರದಲ್ಲಿ ಖಾಲಿ ಮಾಡಿದ್ದೆವು. ಅವಳಿಗೆ ದುಡ್ಡು ಬಂತು, ನನಗೆ ಚೀಟಿ ಬಂದಿತ್ತು: ಅಡುಗೆಮನೆಯ ಆರು ಟೈಲ್ಸ್ ಒಡೆದಿವೆ, ಬಚ್ಚಲ ಬಾಗಿಲ ಬುಡ ಕೊಳೆತಿದೆ, ಸಿಂಕಿನ ಕೆಳಗೆ ಗೋಡೆ ಉಬ್ಬಿದೆ, ರಿಪೇರಿಗೆಂದು ಅಡ್ವಾನ್ಸಿನ ಮುಕ್ಕಾಲು ಪಾಲು ಹಿಡಿದಿದ್ದೇನೆ. ಆ ದುಡ್ಡನ್ನು ನಾನು ಈ ಹೊಸ ಕೋಣೆಯ ಮಾಲೀಕಳಿಗೆ ತಿಂಗಳೊಳಗೆ ಕೊಡಬೇಕಿತ್ತು. ಕೊಡದಿದ್ದರೆ ನಾನೂ ನನ್ನ ಹೊಲಿಗೆ ಮಿಷನ್ನೂ ಬೀದಿಗೆ.

"ನಿನಗೆ ಹೆಂಗೆ ಕೊಟ್ಟ?"

"ಮನೆ ಸೇರಿದ ದಿನಾನೇ ಏನೇನು ಹಾಳಾಗಿದೆ ಅಂತ ಪಟ್ಟಿ ಬರೆದು ಅವನ ಸಹಿ ಹಾಕಿಸಿದ್ನಲ್ಲಕ್ಕಾ. ನಿನ್ನ ಮನೇದೂ ಬರೆದಿದ್ದೆ. ನೀನೇ ಹೆಬ್ಬೆಟ್ಟು ಒತ್ತಿದ್ದೆ, ಮರೆತ್ಯಾ?"

ಚೀಲದಿಂದ ಹಾಳೆ ತೆಗೆದಳು. ಒಡೆದ ಟೈಲ್ಸ್, ಕೊಳೆತ ಬಾಗಿಲು, ಉಬ್ಬಿದ ಗೋಡೆ, ಎಲ್ಲವೂ ಅವಳ ದುಂಡು ಅಕ್ಷರದಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದವು. ಕೆಳಗೆ ಅವನ ಸಹಿ. ಪಕ್ಕದಲ್ಲಿ, ಜಜ್ಜಿದ ನೇರಳೆಹಣ್ಣಿನಂತೆ, ನನ್ನ ಹೆಬ್ಬೆಟ್ಟು.

ನನಗೆ ಸಂತೋಷವಾಗಬೇಕಿತ್ತು. ಆಗಿದ್ದು ಬೇರೆ. ಅವಳು ಮದುವೆಯಾಗಿ ಬಂದ ಮರುದಿನವೇ ಮಾವನವರಿಗೆ ಪತ್ರಿಕೆ ಓದಿ ಹೇಳಿದ್ದಳು. "ಚಿಕ್ಕ ಸೊಸೆ ಬಾಯಿ ಬಿಟ್ಟರೆ ಅಕ್ಷರ, ದೊಡ್ಡ ಸೊಸೆ ಬಾಯಿ ಬಿಟ್ಟರೆ ಆಕಳಿಕೆ," ಎಂದು ಅತ್ತೆ ಬಂದವರ ಮುಂದೆಲ್ಲ ನಗುತ್ತಿದ್ದರು. ಆ ನಗು ಅಡಗಿಸಬೇಕೆಂದೇ ನಾನು ಐವತ್ತೆಂಟನೆಯ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಸೇರಿದ್ದು. ಸಹಿ ಕಲಿತು ಬರುವಷ್ಟರಲ್ಲಿ ನಗುವವರೇ ಇರಲಿಲ್ಲ. ಉರಿ ಮಾತ್ರ ಉಳಿದಿತ್ತು.

"ನಿನ್ನ ಹಾಳೆ ನೀನೇ ಇಟ್ಕೋ. ನಾನೇ ಕಾಗದ ಬರೀತೀನಿ. ನನಗೇನು ಬರೆಯೋಕೆ ಬರಲ್ವಾ?"

"ಬರಲ್ಲ ಅಂತ ಯಾರಂದ್ರು ತಾಯಿ? ಬಿಗುಮಾನ ಬೇಯಿಸಿಕೊಂಡು ತಿನ್ನೋಕಾಗಲ್ಲ. ಇಲ್ಲಿಟ್ಟಿರ್ತೀನಿ," ಎಂದು ಹಾಳೆಯನ್ನು ಮಿಷನ್ನಿನ ಡ್ರಾಯರಿನೊಳಗೆ ತುರುಕಿ ಹೋದಳು.

ಬರೆದೆ. ಮೂರು ವಾರದಲ್ಲಿ ಐದು ಸಲ ಬರೆದೆ. 'ಮಾಲೀಕರಿಗೆ ನಮಸ್ಕಾರ' ಎಂದು ಶುರುವಾದದ್ದು ಮೂರನೆಯ ಸಾಲಿಗೇ ಕೆಳಗಿನ ಮನೆಗೆ ಇಳಿದುಬಿಡುತ್ತಿತ್ತು. 'ಅವರು ಹದಿನಾಲ್ಕು ಮೊಳೆ ಹೊಡೆದಿದ್ದು ತಮ್ಮ ಕಣ್ಣಿಗೆ ಬೀಳಲಿಲ್ಲವೆ? ಅವರ ಕಿಟಕಿಯ ಗಾಜು ಸೀಳಿದ್ದು ಕಾಣಲಿಲ್ಲವೆ?' ಓದಿ ನೋಡಿದರೆ, ನನ್ನ ದುಡ್ಡು ಕೊಡಿ ಎನ್ನುವುದಕ್ಕಿಂತ ಅವಳದ್ದನ್ನು ಕಿತ್ತುಕೊಳ್ಳಿ ಎಂದಂತಿತ್ತು. ಹರಿದೆ. ಮತ್ತೆ ಬರೆದರೆ ಮತ್ತೆ ಅದೇ. ಡ್ರಾಯರಿಂದ ದಾರದ ಉಂಡೆ ತೆಗೆಯುವಾಗಲೆಲ್ಲ ಆ ದುಂಡು ಅಕ್ಷರ ಕಾಣುತ್ತಿತ್ತು, ರಪ್ಪನೆ ಮುಚ್ಚುತ್ತಿದ್ದೆ.

ನಾಲ್ಕನೆಯ ವಾರ ಮೊಳೆರಾಯನೇ ಬಂದ. ಉಳಿದ ಕಾಲು ಪಾಲು ದುಡ್ಡು ಒಂದು ಕವರಿನಲ್ಲಿ, 'ಲೆಕ್ಕ ಚುಕ್ತಾ' ಎಂಬ ಕಾಗದ ಇನ್ನೊಂದು ಕೈಯಲ್ಲಿ. ಜೇಬಿನಿಂದ ಶಾಯಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ.

"ಓದೋ ತೊಂದರೆ ಬೇಡಮ್ಮಾ. ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡಿ, ಮುಗೀತು."

"ಕೂತ್ಕೊಳ್ಳಿ. ಕನ್ನಡಕ ಎಲ್ಲಿಟ್ಟಿದ್ದೀನೋ ನೋಡ್ತೀನಿ."

"ಕನ್ನಡಕ ಯಾಕೆ?"

"ಓದೋಕೆ."

ನಕ್ಕ. ನಾನು ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ, ಕೊನೆಯವರೆಗೂ ಓದಿದೆ. ಅವನು ಎರಡು ಸಲ ಗಡಿಯಾರ ನೋಡಿಕೊಂಡ.

"ಕೆಳಗಿನವಳಿಗೆ ಯಾಕೆ ರಿಪೇರಿ ಹಾಕಲಿಲ್ಲ ಸ್ವಾಮಿ?"

"ಅವರ ವಿಷಯ ಬಿಡಿ. ಓದಿದೋರು. ಕಾಗದ ಪತ್ರ ಎಲ್ಲ ಜೋಪಾನವಾಗಿ ಇಟ್ಕೊಂಡಿರ್ತಾರೆ."

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರಂತೆ. ಈತ ಎತ್ತು ಯಾವುದೆಂದು ಹೆಬ್ಬೆಟ್ಟು ನೋಡಿ ಆರಿಸಿಕೊಂಡಿದ್ದ. ಮೇಲಿನ ಮನೆಯ ಹಾಳೆ ಯಾರೂ ಇಟ್ಟಿರಲಾರರು ಎಂದುಕೊಂಡಿದ್ದ.

"ಕವರು ತಗೊಂಡು ಹೋಗಿ. ನನ್ನ ಕಾಗದ ಬರುತ್ತೆ, ಓದ್ಕೊಳ್ಳಿ," ಎಂದು ಶಾಯಿಯ ಡಬ್ಬಿಯ ಮುಚ್ಚಳವನ್ನು ನಾನೇ ಒತ್ತಿ ಕೊಟ್ಟೆ.

ಆ ಮಧ್ಯಾಹ್ನ ಡ್ರಾಯರಿನ ಹಾಳೆಯನ್ನು ಎದುರಿಗಿಟ್ಟುಕೊಂಡು ಆರನೆಯ ಕಾಗದ ಬರೆದೆ. ಮೊಳೆಯ ಮಾತಿಲ್ಲ, ಕಿಟಕಿಯ ಮಾತಿಲ್ಲ. ಟೈಲ್ಸ್, ಬಾಗಿಲು, ಗೋಡೆ ಮೂರೂ ನಾನು ಬರುವ ಮೊದಲೇ ಹಾಳಾಗಿದ್ದವು, ಪಟ್ಟಿಗೆ ನಿಮ್ಮ ಸಹಿ ಇದೆ, ಹದಿನೈದು ದಿನದೊಳಗೆ ಪೂರ್ತಿ ಅಡ್ವಾನ್ಸ್ ಕೊಡಿ, ಇಲ್ಲದಿದ್ದರೆ ಕೋರ್ಟಿಗೆ ಹೋಗುತ್ತೇನೆ. ಇಷ್ಟಕ್ಕೆ ಅರ್ಧ ಗಂಟೆ ಹಿಡಿಯಿತು. 'ಪಟ್ಟಿ ಬರೆದವರು ನನ್ನ ವಾರಗಿತ್ತಿ' ಎಂಬ ಒಂದು ಸಾಲಿಗೆ ಒಂದು ಗಂಟೆ.

ಮರುದಿನ ಹೊಸ ಮಾಲೀಕಳಿಂದ ಹದಿನೈದು ದಿನದ ವಾಯಿದೆ ಕೇಳಿಕೊಂಡು, ವಾರಗಿತ್ತಿಯನ್ನು ಕರೆದುಕೊಂಡು ಹೊರಟೆ. ಹಾಳೆಯ ಜೆರಾಕ್ಸ್ ಮಾಡಿಸಿ ಕಾಗದದ ಜೊತೆ ಇಟ್ಟು, ಅಸಲನ್ನು ಅವಳ ಕೈಗೇ ಕೊಟ್ಟೆ. ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ನನ್ನ ಕಾಗದ ಓದಿದಳು. ಕೊನೆಯಲ್ಲಿ ನನ್ನ ಸಹಿಯ ಹತ್ತಿರ ಅವಳ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಹೊಗಳುತ್ತಾಳೆಂದು ಕಾದೆ.

"ಗೋಂದು ಸರಿಯಾಗಿ ಹಚ್ಚು, ಬಿಟ್ಕೊಳ್ಳುತ್ತೆ," ಎಂದಳು. ಅಷ್ಟೇ.

ಆ ಧಾಟಿ ನನಗೆ ಚೆನ್ನಾಗಿ ಗೊತ್ತು. ನಲವತ್ತು ವರ್ಷ ಅವಳ ಮುಂದೆ ಉರಿ ಅಡಗಿಸಿಕೊಂಡು ನಾನು ಆಡಿದ ಧಾಟಿ. ಅಂಗಡಿಯವನು ಮರೆತು ಹೆಚ್ಚು ಚಿಲ್ಲರೆ ಕೊಟ್ಟಾಗ ಆಗುವಂಥ ಖುಷಿಯಾಯಿತು. ನಾಚಿಕೆಯೂ ಆಯಿತು, ಆದರೆ ಖುಷಿಗಿಂತ ಕಡಿಮೆ.

"ರಿಜಿಸ್ಟರ್ ಮಾಡಬೇಕಾ?" ಕಿಂಡಿಯ ಹಿಂದಿನ ಗುಮಾಸ್ತೆ ಕೇಳಿದಳು.

"ಮಾಡಮ್ಮ."

ತೂಗಿದಳು, ಮೊಹರು ಗುದ್ದಿದಳು, ಕವರನ್ನು ಹಿಂದಿನ ಚೀಲಕ್ಕೆ ಎಸೆದಳು.