ಶಾಯಿ ನೀಲಿಗೆ ಇಟ್ಟ ಕುಂಕುಮ

ಪಿಸ್ತೂಲು ಮನುಷ್ಯನನ್ನು ಕೊಲ್ಲಲೆಂದೇ ಮಾಡಿದ ವಸ್ತು. ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ, ಲೂಯಿಸ್‌ವಿಲ್‌ನ ವಾಸುದೇವರೊಬ್ಬರನ್ನು ಬಿಟ್ಟು.

ಎರಡನೆಯ ಮಹಾಯುದ್ಧದ ಜರ್ಮನ್ ಪಿಸ್ತೂಲುಗಳನ್ನು ಕೂಡಿಹಾಕಿರುವ ಈ ಮೈಸೂರಿನ ಮಹಾಶಯರು ಬಿಳಿ ಕೈಗವಸು ತೊಟ್ಟು, ಹಸುಗೂಸನ್ನು ಎತ್ತಿಕೊಂಡವರಂತೆ ಸಪ್ಪಳವಾಗದ ಹಾಗೆ ನಡೆದು, ಉತ್ತರದ ಕಿಟಕಿಯ ಬೆಳಕಿಗೆ ಒಂದೊಂದನ್ನೇ ಓರೆಯಾಗಿ ಹಿಡಿಯುವರು. ತುಕ್ಕು ಹತ್ತದಿರಲೆಂದು ಕಾರ್ಖಾನೆ ಉಕ್ಕಿಗೆ ಕೊಟ್ಟ ನೀಲಿಯಲ್ಲಿ ಅವರಿಗೆ ಕಾಣುವಷ್ಟು ಛಾಯೆಗಳು ಕಾಮನಬಿಲ್ಲಿಗೂ ಇಲ್ಲ. ಯುದ್ಧದ ಮೊದಲ ವರ್ಷಗಳದು ಶಾಯಿ ನೀಲಿ, ಕೆಲವು ಕಾಲಾಂತರದಲ್ಲಿ ನೇರಳೆಗೆ ತಿರುಗಿದವು, ಕೊನೆಗಾಲದವು ಬಾಣಲೆಯ ತಳದ ಕಪ್ಪು. ‘ನಲವತ್ತೈದಕ್ಕೆ ಬರೋ ಹೊತ್ಗೆ ಕ್ವಾಲಿಟಿ ಪೂರ್ತಿ ಬಿದ್ದೋಯ್ತು, ಪಾಪ’ ಎಂದು ನಿಟ್ಟುಸಿರಿಡುವರು. ಆ ‘ಪಾಪ’ ಯಾರಿಗೆ ಸಲ್ಲುತ್ತದೆಂದು ಹೆಂಡತಿ ದಾಕ್ಷಾಯಣಿಗೆ ಇಂದಿಗೂ ತಿಳಿದಿಲ್ಲ. ಹೂಸ್ಟನ್ನಿನ ಪಿಸ್ತೂಲು ಪ್ರದರ್ಶನಕ್ಕೆ ನಾಲ್ಕು ಗಂಟೆ ಡ್ರೈವ್ ಮಾಡುವಾಗ ದಾರಿಯುದ್ದಕ್ಕೂ ಇದೇ ವ್ಯಾಖ್ಯಾನ. ಆಕೆ ಎರಡು ನೀಲಿ ಸೀರೆ ತೋರಿಸಿದರೆ ಮಾತ್ರ ಎರಡೂ ಒಂದೇ ಎನ್ನುವ ಗಂಡಸು.

ಈ ಸಲ ಆಯುಧಪೂಜೆಗೆ ಶಾಯಿ ನೀಲಿಯದನ್ನೇ ದೇವರ ಮುಂದಿಡಬೇಕೆಂದು ಹಟ ಹಿಡಿದರು. ಹೊಲಿಗೆ ಯಂತ್ರ, ಈಳಿಗೆಮಣೆ, ಕಾರಿನ ಕೀಲಿಗಳ ಸಾಲಿನಲ್ಲಿ ಯಾರ ಎದೆಗೆ ಗುರಿಯಿಟ್ಟಿತ್ತೋ ತಿಳಿಯದ ವಸ್ತು ಬೇಡ, ಅದಿದ್ದರೆ ತಾನು ಆರತಿ ಎತ್ತುವುದಿಲ್ಲ ಎಂದು ದಾಕ್ಷಾಯಣಿ ಸ್ಪಷ್ಟವಾಗಿಯೇ ಹೇಳಿದರು. ವರ್ಷವಿಡೀ ಅದನ್ನು ಕಲೆ ಎನ್ನುತ್ತಿದ್ದವರಿಗೆ ಅಂದೊಂದು ದಿನ ಅದು ಆಯುಧವಾಯಿತು. ಶಾಸ್ತ್ರ ಹೇಳಿ ಇಟ್ಟೇಬಿಟ್ಟರು. ಪೂಜೆಗೆ ಕೈಗವಸು ಸಲ್ಲದಷ್ಟೆ. ಕಳಚಿ, ಒದ್ದೆ ಬೆರಳಿನಿಂದ ತಾವೇ ಕುಂಕುಮವಿಟ್ಟರು. ಪೂಜೆಗಿಟ್ಟದ್ದನ್ನು ವಿಜಯದಶಮಿಯ ತನಕ ಅಲುಗಿಸಬಾರದೆಂಬ ನೇಮವೂ ಅವರದೇ. ಆರತಿ ತಟ್ಟೆಯ ಬತ್ತಿ ಮಾತ್ರ ಹತ್ತಲಿಲ್ಲ.

ಮರುದಿನ ಒರೆಸಿದರೆ, ಕುಂಕುಮವಿದ್ದಲ್ಲಿ ತುಕ್ಕಿನ ಬೊಟ್ಟು.

ಹಬ್ಬದೂಟಕ್ಕೆ ಕೂತ ವಾಸುದೇವರು ಅನ್ನ ಮುಟ್ಟಲಿಲ್ಲ. ‘ಎಂಬತ್ತು ವರ್ಷ ಏನೂ ಆಗಿರ್ಲಿಲ್ಲ ದಾಕ್ಷೂ, ನನ್ ಕೈಯಾರೆ ಹಾಳ್ಮಾಡ್ದೆ.’

ಒಬ್ಬಟ್ಟಿಗೆ ತುಪ್ಪ ಹಾಕುತ್ತಿದ್ದ ದಾಕ್ಷಾಯಣಿ ನಿಂತಲ್ಲೇ ಕೇಳಿದರು: ‘ಬಣ್ಣ ಹೋಯ್ತು ಅಂತ ಊಟ ಬಿಟ್ರಿ. ಅದು ಯಾರ್ ಮನೆ ಒಲೆ ಆರಿಸಿತ್ತು ಅಂತ ಒಂದಿನಾದ್ರೂ ಕೇಳಿದ್ರಾ?’

ವಾಸುದೇವರು ಒಬ್ಬಟ್ಟನ್ನು ಪಕ್ಕಕ್ಕೆ ಸರಿಸಿದರು. ‘ಆಸ್ಟಿನ್ನಲ್ಲೊಬ್ಬ ರಿಪೇರಿ ಮಾಡ್ತಾನಂತೆ. ಆದ್ರೆ ಆ ನೀಲಿ ಬರಲ್ಲ’ ಎಂದರು.

ಇಂಥವರು ದುಷ್ಟರಲ್ಲ, ಇರುವೆಯನ್ನೂ ದಾಟಿ ನಡೆಯುವ ಜನ. ಚೆಂದವನ್ನೇ ನೋಡಿ ನೋಡಿ, ಅದರಾಚೆಗೆ ಕಾಣಬೇಕಾದ ಕಣ್ಣಿಗೆ ತಾವೇ ಪೊರೆ ಬೆಳೆಸಿಕೊಂಡವರು. ಆ ಪೊರೆಯನ್ನು ‘ವಾಹ್, ಅಂಕಲ್’ ಎಂದು ದಪ್ಪ ಮಾಡುವವರು ಅತಿಥಿಗಳಾದ ನಾವು. ನಾಳೆ ನಿಮಗೂ ಬಿಳಿ ಗವಸು ಕೊಟ್ಟು ಕಿಟಕಿಯ ಬಳಿ ಕರೆದಾರು. ಬಣ್ಣ ಹೊಗಳಬೇಡಿ. ಇದು ಯಾರನ್ನು ಕೊಂದಿತು ಎಂದು ಕೇಳಿ. ಉತ್ತರ ಬರುವ ತನಕ ಆ ಮನೆಯ ಕಾಫಿ ಮುಟ್ಟಬೇಡಿ.