ನೀಲಿ ದಾರದ ನೀರು

ನಾನು ಗಾಜಿನ ಬಾಟಲಿ. ಹುಟ್ಟಿದ್ದು ಕುಲುಮೆಯ ಬೆಂಕಿಯಲ್ಲಿ, ಬಾಳಿದ್ದು ಚಳಿಯಲ್ಲಿ. ಮೊದಲು ಆಸ್ಪತ್ರೆಯಲ್ಲಿ ಗ್ಲೂಕೋಸ್ ತುಂಬಿಕೊಂಡು ತಲೆಕೆಳಗಾಗಿ ತೂಗಿದೆ. ಖಾಲಿಯಾದ ಮೇಲೆ ಧಾರವಾಡದ ಒಂದು ಪ್ರಯೋಗಶಾಲೆಯ ಚಳಿಕೋಣೆಗೆ ಬಂದೆ. ಅಲ್ಲಿಯೂ ತಲೆಕೆಳಗೇ. ಬಾಯಿಗೊಂದು ಕೊಳವೆ, ಕೊರಳಿಗೆ ನೀಲಿ ದಾರ, ಕೆಳಗೆ ಪಂಜರದಲ್ಲೊಂದು ಬಿಳಿ ಇಲಿ.

ಇಲಿಗಳನ್ನು ನೋಡಿಕೊಳ್ಳುವವನು ಫಕೀರಪ್ಪ. ಸಂಶೋಧನೆ ವಾರಿಜಾ ಮೇಡಂ ಅವರದು; ಫಕೀರಪ್ಪನ ಬಾಯಲ್ಲಿ ಅವರು ‘ಬಾಯಾರು’. ಅವರು ಅವನಿಗೆ ಒಮ್ಮೆ ತಿಳಿಸಿ ಹೇಳಿದ್ದರು: ಇಲಿಯ ಹೆಗಲುಗಳ ನಡುವೆ ಕಂದು ಕೊಬ್ಬಿದೆ, ಚಳಿಗೆ ಅದು ಒಲೆಯಂತೆ ಉರಿದು ಮೈ ಕಾಯಿಸುತ್ತದೆ. ಒಲೆ ಎಂದ ಮೇಲೆ ಕಿಡಿ ಹಾರುತ್ತದೆ. ಕಿಡಿ ಆರಿಸಲು ಆ ಕೊಬ್ಬೇ ಆಂಟಿಆಕ್ಸಿಡೆಂಟ್‌ಗಳನ್ನು ತಯಾರಿಸಿಕೊಳ್ಳುತ್ತದೆ. ತಯಾರಿಸು ಎಂದು ಅದಕ್ಕೆ ಹೇಳುವುದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೋ ಅಲ್ಲವೋ, ಅದು ತಿಳಿಯಬೇಕಾಗಿತ್ತು. ನೀಲಿ ದಾರದ ಬಾಟಲಿಗಳಲ್ಲಿ ಆ ಅನಿಲ ಹುಟ್ಟದಂತೆ ತಡೆಯುವ ಮದ್ದು. ಬಿಳಿ ದಾರದವುಗಳಲ್ಲಿ ಬರೀ ನೀರು. ನೀಲಿಯವರು ನಾವು ಆರು; ನಾನು ಆರನೆಯವ.

ನನ್ನ ಇಲಿ ಎಲ್ಲಕ್ಕಿಂತ ಸಣ್ಣದು. ಪಂಜರ ತೊಳೆಯುವಾಗ ಫಕೀರಪ್ಪನ ಬೆರಳು ನೆಕ್ಕುತ್ತಿತ್ತು. ಅವನು ಅದನ್ನು ಚೋಟ್ಯಾ ಎಂದು ಕರೆದ. ಹೆಸರಿಟ್ಟದ್ದೇ ತಪ್ಪಾಯಿತು. ಒಂದು ಬೆಳಿಗ್ಗೆ ಅದು ಮುದುಡಿ ಕೂತದ್ದು ಕಂಡು, ಮದ್ದಿನಿಂದಲೇ ಹೀಗಾಯಿತೆಂದುಕೊಂಡು, ನನ್ನೊಳಗಿನದನ್ನು ಮೋರಿಗೆ ಚೆಲ್ಲಿ ನಳದ ನೀರು ತುಂಬಿದ. ದಾರ ಬಿಚ್ಚಲಿಲ್ಲ. ಆಮೇಲೆ ದಿನವೂ ಅದೇ. ನನಗೆ ಬಾಯಿದ್ದೂ ಮಾತಿಲ್ಲ.

ನಲವತ್ತೈದನೆಯ ದಿನ ಇಲಿಗಳನ್ನೆಲ್ಲ ಕೊಂದು ಕೊಬ್ಬು ತೆಗೆದರು. ಚೋಟ್ಯಾನೂ ಉಳಿಯಲಿಲ್ಲ. ಅದೊಂದು ಉಳಿದೀತೆಂದು ಫಕೀರಪ್ಪ ಯಾಕೆ ತಿಳಿದಿದ್ದನೋ.

ನೀಲಿ ದಾರದ ಐದು ಇಲಿಗಳ ಕೊಬ್ಬಿನದು ಒಂದು ಬಗೆ, ಆರನೆಯದರದ್ದೇ ಬೇರೆ, ಬಿಳಿ ದಾರದವುಗಳ ಹಾಗೆ. ಬಾಯಾರು ಮೂರು ಸಲ ನೋಡಿದರು. ತಮ್ಮ ಕೈಯೇ ಎಲ್ಲೋ ತಪ್ಪಿತೆಂದು ಮಧ್ಯಾಹ್ನದ ಬುತ್ತಿ ಬಿಚ್ಚದೆ ಕೂತರು. ನಾಲ್ಕನೆಯ ದಿನ ಫಕೀರಪ್ಪ ಮೇಜಿನ ಮುಂದೆ ಬಂದು ನಿಂತ.

“ಬಾಯಾರ, ನಿಮ್ಮ ಕೈ ತಪ್ಪಿಲ್ರಿ. ಆರನೇದಕ್ಕ ನಾ ನಳದ ನೀರ ಕುಡಿಸೀನಿ.”

ಅವರು ಬೈಯಲಿಲ್ಲ. ಕನ್ನಡಕ ತೆಗೆದಿಟ್ಟರು. ಅದೊಂದನ್ನು ಬಿಟ್ಟು ಬರೆದರಾಗದೇ ಎಂದು ಅವನೇ ಕೇಳಿದ.

“ಉಳದ ಐದಕ್ಕ ಮದ್ದ ಕುಡಿಸೀದಿ ಅಂತ ಹೆಂಗ ನಂಬ್ಲಿ, ಫಕೀರಪ್ಪ? ಮತ್ತ ಆರು ಇಲಿ ತರಸಬೇಕು.”

ಆರು ಇಲಿ ಬಂದವು. ಈ ಸಲ ಬಾಯಾರು ಪಕ್ಕದಲ್ಲಿ ನಿಂತರು, ಮದ್ದಿನ ನೀರನ್ನು ಫಕೀರಪ್ಪನೇ ತುಂಬಿದ. ನನ್ನ ಪಂಜರದ ಹೊಸ ಇಲಿ ಬೆರಳು ನೆಕ್ಕಲು ಬಂದಾಗ ಕೈ ಹಿಂದಕ್ಕೆಳೆದುಕೊಂಡ.

ಈಗ ನಾನು ಉಗ್ರಾಣದ ಮೂಲೆಯಲ್ಲಿದ್ದೇನೆ, ನೆಟ್ಟಗೆ. ಒಂದು ಜೀವದ ಮೇಲಿನ ಮರುಕ ಆರು ಜೀವಗಳನ್ನು ಕೇಳಿತಲ್ಲ ಎಂಬುದು ಇಂದಿಗೂ ನನ್ನ ತಳದಲ್ಲಿ ಕೂತಿದೆ. ಕೊರಳ ದಾರ ಬಣ್ಣ ಹೋಗಿ ಬೆಳ್ಳಗಾಗಿದೆ. ನೋಡಿದವರು ಬರೀ ನೀರಿನ ಬಾಟಲಿ ಎಂದೇ ತಿಳಿದಾರು.