ಮೌನೇಶ್ವರಿಯ ಕೋಣೆಯ ಒಣಗಾಳಿ

ಡಿಸೆಂಬರ್ ಬಂತೆಂದರೆ ರಾಯಚೂರಿನಲ್ಲಿ ತುಟಿ ಒಡೆಯದ ಮನೆಯಿಲ್ಲ. ಹಿಮ್ಮಡಿ ಬಿರಿಯುತ್ತದೆ. ಬೆಳಿಗ್ಗೆ ಎದ್ದರೆ ಗಂಟಲು ಒಣಗಿ ಕೆರೆಯುತ್ತದೆ. ಚಳಿಗಾಲವೆಂದರೆ ಹೀಗೇ ಎಂದು ನಾವೂ ಸುಮ್ಮನಿರುತ್ತೇವೆ.

ದುರುಗಮ್ಮನೂ ಹಾಗೇ ಅಂದುಕೊಂಡಿದ್ದಳು. ಹಿರೇಕೊಟ್ನೆಕಲ್‌ನ ಹೊಲಗಳಲ್ಲಿ ಹತ್ತಿ ಬಿಡಿಸಿ ಮಗ ಗೌತಮನನ್ನು ಓದಿಸಿದ ಹೆಂಗಸು ಅವಳು. ಗೌತಮ ಈಗ ರಾಯಚೂರಿನಲ್ಲಿ ಶಾಲೆಯ ಮೇಷ್ಟ್ರು. ಅವನೂ ಹೆಂಡತಿಯೂ ಕೆಲಸಕ್ಕೆ ಹೋಗುವುದರಿಂದ ಮಗಳು ಮೌನೇಶ್ವರಿಯ ಜವಾಬ್ದಾರಿ ಅಜ್ಜಿಯದೇ. ಹುಡುಗಿ ಒಂಬತ್ತನೇ ತರಗತಿ.

ಈ ಸಲ ಜನವರಿ ಇಪ್ಪತ್ತಾರರ ಪಥಸಂಚಲನದಲ್ಲಿ ಶಾಲೆಯ ತಂಡ ಮುನ್ನಡೆಸಲು ಮೌನೇಶ್ವರಿ ಆಯ್ಕೆಯಾದಳು. ಅವರ ಓಣಿಯಿಂದ ಅಂಥ ಜಾಗಕ್ಕೆ ಹೋದ ಮೊದಲ ಹುಡುಗಿ. ದುರುಗಮ್ಮ ಮನೆಮನೆಗೂ ಹೋಗಿ ಹೇಳಿ ಬಂದಳು: "ಇಡೀ ಜಿಲ್ಲಾದ ಮುಂದ ನನ್ನ ಮೊಮ್ಮಗಳು ಹುಕುಂ ಕೊಡ್ತಾಳ. ಎಲ್ಲರೂ ಆಕಿ ಮಾತು ಕೇಳಬೇಕು!"

ಹುಡುಗಿಗೆ ನೆಗಡಿಯಾಗಬಾರದೆಂದು ಅವಳು ಸಂಜೆಯಾದೊಡನೆ ಮಲಗುವ ಕೋಣೆಯ ಕಿಟಕಿ, ಬಾಗಿಲು ಭದ್ರ ಮಾಡಿ, ಕಬ್ಬಿಣದ ಬಾಣಲೆಯಲ್ಲಿ ಇದ್ದಿಲ ಕೆಂಡ ತಂದಿಡುತ್ತಿದ್ದಳು. ಕೋಣೆಯೇನೋ ಬೆಚ್ಚಗಾಗುತ್ತಿತ್ತು. ಆದರೆ ಮೌನೇಶ್ವರಿಯ ದನಿ ದಿನದಿಂದ ದಿನಕ್ಕೆ ಕೆಡುತ್ತ ಹೋಯಿತು. ಒಂದು ಬೆಳಿಗ್ಗೆ ತಾಲೀಮಿನಲ್ಲಿ "ಸಾವಧಾನ್" ಎಂದು ಕೂಗುತ್ತಿದ್ದಂತೆ ಮೂಗಿನಿಂದ ರಕ್ತ ಇಳಿದು ಬಿಳಿ ಅಂಗಿಯ ಮೇಲೆ ಬಿತ್ತು. ಮರುದಿನವೂ ಹಾಗೇ ಆಯಿತು. "ಹೀಗೇ ಆದರೆ ಬೇರೆಯವರನ್ನು ನಿಲ್ಲಿಸಬೇಕಾಗುತ್ತದೆ ಮಗಳೇ" ಎಂದರು ದೈಹಿಕ ಶಿಕ್ಷಕಿ.

ಅಳುತ್ತ ಮನೆಗೆ ಬಂದವಳ ಮೂಗಿನಿಂದ ಮತ್ತೆ ರಕ್ತ ಬಂತು.

"ಯಾರ ಕಣ್ಣು ಬಿತ್ತೋ ನನ್ನ ಕೂಸಿಗೆ!" ದುರುಗಮ್ಮ ಅವಳ ತಲೆ ಹಿಂದಕ್ಕೆ ಬಾಗಿಸಿ ನೆತ್ತಿಗೆ ನೀರು ತಟ್ಟತೊಡಗಿದಳು. ಗದ್ದಲ ಕೇಳಿ ಪಕ್ಕದ ಮನೆಯ ವಾಹಿದಾ ಓಡಿಬಂದಳು. ವಾಹಿದಾ ಊರಾಚೆಯ ನೂಲಿನ ಗಿರಣಿಯಲ್ಲಿ ಹನ್ನೆರಡು ವರ್ಷದಿಂದ ದುಡಿಯುವವಳು.

"ಆಯಿ, ತಲಿ ಹಿಂದಕ್ಕ ಹಾಕಬ್ಯಾಡ್ರಿ. ರಕ್ತ ಗಂಟಲಿಗೆ ಇಳೀತದ." ಅವಳು ಹುಡುಗಿಯನ್ನು ಕೂರಿಸಿ, ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಿಂದ ಒತ್ತಿ ಹಿಡಿದಳು. "ಬಾಯಿಲೆ ಉಸಿರಾಡು ಬೇಟಿ. ಹತ್ತು ನಿಮಿಷ ಹಿಂಗಽ ಇರು."

ರಕ್ತ ನಿಂತಿತು. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋದರು. "ಮೂಗಿನ ಒಳಪದರ ಒಣಗಿ ಬಿರಿದಿದೆ, ಬೇರೆ ತೊಂದರೆಯಿಲ್ಲ" ಎಂದ ವೈದ್ಯರು ಮೂಗಿಗೆ ಹಾಕುವ ಹನಿ ಕೊಟ್ಟರು.

ಸಂಜೆ ವಾಹಿದಾ ತನ್ನ ಮನೆಯಿಂದ, ಗಿರಣಿಯಲ್ಲಿ ಬಳಸುವಂಥ, ಗಾಳಿಯ ತೇವ ತೋರಿಸುವ ಅಂಗೈಯಗಲದ ಮಾಪಕ ತಂದು ಮೌನೇಶ್ವರಿಯ ಕೋಣೆಯಲ್ಲಿಟ್ಟಳು. ಸ್ವಲ್ಪ ಹೊತ್ತಿಗೆ ಅದು ಶೇಕಡಾ ಇಪ್ಪತ್ತಾರು ತೋರಿಸಿತು.

"ನಲವತ್ತರಿಂದ ಅರವತ್ತರೊಳಗ ಇರಬೇಕ್ರಿ ಆಯಿ. ನಮ್ಮ ಗಿರಣ್ಯಾಗ ಗಾಳಿ ಹಿಂಗ ಒಣಗಿದ್ರ ನೂಲು ಪಟಪಟ ಹರೀತದ. ಅದಕ್ಕಽ ಗಾಳಿಗೆ ನೀರಿನ ತುಂತುರು ಬಿಡ್ತಾರ."

"ಗಾಳಿಗೂ ನೀರು ಕುಡಿಸಬೇಕಂತ ಬೇ!" ದುರುಗಮ್ಮ ನಕ್ಕಳು. "ನಾ ಎಪ್ಪತ್ತು ಚಳಿಗಾಲ ನೋಡೀನಿ. ಯಾವ ಗಾಳಿಗೂ ನೀರು ಕುಡಿಸಿಲ್ಲ."

"ಹೌದ್ರಿ. ಆದ್ರ ನೀವು ಹತ್ತಿ ಯಾವಾಗ ಬಿಡಿಸ್ತಿದ್ರಿ? ಮುಂಜಾನಿನೋ, ಮಧ್ಯಾಹ್ನಾನೋ?"

"ಮುಂಜಾನಿ. ಇಬ್ಬನಿ ಆರಿ, ಎಲಿ ಇನ್ನೂ ಮೆತ್ತಗ ಇರೋವಾಗ. ಬಿಸಲೇರಿದ್ರ ಎಲಿ ಒಣಗಿ ಪುಡಿಪುಡಿ ಆಗತದ, ಹತ್ತಿಗೆ ಮೆತ್ತತದ."

"ಮೂಗಿನ ಪದರ ಆ ಎಲಿಗಿಂತ ತೆಳ್ಳಗ ಅದ ಆಯಿ."

ದುರುಗಮ್ಮ ಮೊಮ್ಮಗಳ ಮೂಗನ್ನು ಬಗ್ಗಿ ನೋಡಿದಳು. ಎಲೆಯ ಮಾತು ತನ್ನದೇ ಅನುಭವ, ಅಲ್ಲಗಳೆಯುವುದು ಹೇಗೆ?

"ಕೆಂಡ ಅಂತೂ ಬ್ಯಾಡಽ ಬ್ಯಾಡ್ರಿ, ಅದರ ಕಾವಿಗೆ ಗಾಳಿ ಇನ್ನಷ್ಟು ಒಣಗತದ" ಎಂದಳು ವಾಹಿದಾ. "ಮ್ಯಾಲ ಮುಚ್ಚಿದ ಕೋಣ್ಯಾಗ ಅದರಿಂದ ವಿಷಗಾಳಿ ಹುಟ್ಟತದ. ವಾಸನಿನೂ ಬರಂಗಿಲ್ಲ. ಮಲಗಿದವರು ಏಳಂಗಿಲ್ಲ."

"ನಾನಽ ನನ್ನ ಕೂಸಿಗೆ..." ದುರುಗಮ್ಮ ತಾನೇ ಬಾಣಲೆ ಹೊತ್ತು ಅಂಗಳದಲ್ಲಿ ಕೆಂಡ ಆರಿಸಿದಳು.

ಅಂದಿನಿಂದ ಹುಡುಗಿಗೆ ಕೆಂಡದ ಬದಲು ಹೊದೆಯಲು ದಪ್ಪ ಕೌದಿ. ಕಿಟಕಿ ನಾಲ್ಕು ಬೆರಳಷ್ಟು ತೆರೆದೇ ಇರುತ್ತಿತ್ತು. ನೆಲಕ್ಕೆ ಒಣ ಕಸಬರಿಗೆಯ ಬದಲು ಒದ್ದೆ ಬಟ್ಟೆ. ಸಂಜೆ ಕೋಣೆಯಲ್ಲಿ ಹಿಂಡಿದ ಒಂದು ಟವೆಲ್ ಹರವಿ, ಅಗಲ ಬಾಯಿಯ ಬೋಗುಣಿಯಲ್ಲಿ ನೀರಿಟ್ಟು, ಸೊಳ್ಳೆ ಮೊಟ್ಟೆಯಿಡದಂತೆ ತೆಳು ಬಟ್ಟೆ ಕಟ್ಟುತ್ತಿದ್ದರು. ಆ ನೀರನ್ನು ದಿನಾ ಬೆಳಿಗ್ಗೆ ಚೆಲ್ಲಿ, ಪಾತ್ರೆ ತಿಕ್ಕುವುದು ಮೌನೇಶ್ವರಿಯ ಕೆಲಸ.

ನಾಲ್ಕನೇ ದಿನ ವಾಹಿದಾ ಬಂದು ನೋಡಿದರೆ ಕೋಣೆ ತುಂಬ ಒದ್ದೆ ಸೀರೆಗಳು! ಕಿಟಕಿ ಮುಚ್ಚಿದೆ, ಗಾಜಿನ ಮೇಲೆ ಹನಿಗಳು ಕೂತಿವೆ. ಮಾಪಕದಲ್ಲಿ ಎಪ್ಪತ್ತೆಂಟು.

"ಇದೇನ್ರಿ ಆಯಿ!"

"ಐವತ್ತು ಚೊಲೊ ಅಂದ್ರ ಎಂಬತ್ತು ಇನ್ನೂ ಚೊಲೊ ಅಲ್ಲೇನು?"

"ಅಲ್ರಿ! ತೇವ ಹೆಚ್ಚಾದ್ರ ಗ್ವಾಡಿಗೆ ಬೂಷ್ಟು ಹಿಡೀತದ. ಕೆಮ್ಮು, ದಮ್ಮು ಹೆಚ್ಚಾಗತದ. ಗಾಜಿನ ಮ್ಯಾಲ ಹನಿ ಕೂತ್ರ ಸಾಕು ಅಂತ ತಿಳೀರಿ, ಕಿಟಕಿ ತೆರೀರಿ."

ಮೌನೇಶ್ವರಿ ನಗುತ್ತ ಸೀರೆಗಳನ್ನೆಲ್ಲ ಹೊರಗೆ ಹಾಕಿದಳು. ನಗುವಾಗ ದನಿ ಒಡೆಯಲಿಲ್ಲ. ಎರಡು ವಾರದಲ್ಲಿ ರಕ್ತ ಬರುವುದು ಪೂರ್ತಿ ನಿಂತಿತು. ತಂಡದ ಮುಂದೆ ಅವಳ ಜಾಗ ಅವಳದಾಗೇ ಉಳಿಯಿತು.

ಜನವರಿ ಇಪ್ಪತ್ತಾರು. ಜಿಲ್ಲಾ ಕ್ರೀಡಾಂಗಣದಲ್ಲಿ ಬಿಸಿಲು ಆಗತಾನೇ ಏರುತ್ತಿತ್ತು. ಧ್ವಜದ ಎದುರು ಬಂದಾಗ ಮೌನೇಶ್ವರಿ "ದಾಹಿನೇ ದೇಖ್!" ಎಂದು ಕೂಗಿದಳು. ಆ ದನಿ ಕ್ರೀಡಾಂಗಣದ ಕೊನೆಯ ಮೆಟ್ಟಿಲಿಗೂ ಕೇಳಿತು. ಮೂವತ್ತೆರಡು ಹುಡುಗಿಯರ ತಲೆಗಳು ಒಟ್ಟಿಗೆ ಬಲಕ್ಕೆ ತಿರುಗಿದವು.

ದುರುಗಮ್ಮ ಎದ್ದು ನಿಂತಳು. ಮೇಲಧಿಕಾರಿಗಳ ಮುಂದೆ ತಲೆಯೆತ್ತಿ ಮಾತಾಡಲು ತನ್ನ ಕಾಲದಲ್ಲಿ ಎಷ್ಟು ಅಂಜಿಕೆಯಿತ್ತು ಎಂಬುದು ಅವಳಿಗೆ ಗೊತ್ತು. ಪಕ್ಕದ ಹೆಂಗಸು, "ಯಾರ ಮಗಳ್ರಿ ಆಕಿ? ಏನ್ ದನಿ!" ಎಂದಳು.

"ನಮ್ಮಾಕಿ ಯವ್ವಾ, ನನ್ನ ಮೊಮ್ಮಗಳು" ಎಂದಳು ದುರುಗಮ್ಮ. ಕಣ್ಣೊರೆಸಿಕೊಂಡು, ವಾಹಿದಾಳ ಕೈ ಗಟ್ಟಿಯಾಗಿ ಹಿಡಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಮಾಪಕ ಇಲ್ಲದಿದ್ದರೂ ಚಿಂತೆಯಿಲ್ಲ. ಮಕ್ಕಳ ಮೂಗು, ತುಟಿ ಒಣಗಿ ಬಿರಿಯುತ್ತಿದ್ದರೆ ಕೋಣೆಗೆ ಸ್ವಲ್ಪ ತೇವ ಬೇಕು. ಗೋಡೆ ಬೆವರಿದರೆ, ಮುಗ್ಗಲು ವಾಸನೆ ಬಂದರೆ ತೇವ ಹೆಚ್ಚಾಗಿದೆ, ಗಾಳಿಯಾಡಲು ಬಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಎಂದೂ ಇಡಬೇಡಿ. ಮೂಗಿನ ರಕ್ತ ಇಪ್ಪತ್ತು ನಿಮಿಷವಾದರೂ ನಿಲ್ಲದಿದ್ದರೆ, ಪದೇಪದೇ ಬರುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇವತ್ತು ಸಂಜೆ ನಿಮ್ಮ ಮಕ್ಕಳು ಮಲಗುವ ಕೋಣೆಗೆ ಹೋಗಿ ಒಂದು ಗಳಿಗೆ ನಿಲ್ಲಿ, ಅಲ್ಲಿನ ಗಾಳಿ ಹೇಗಿದೆ ನೋಡಿ.